ಕಂದಕ ಒಳಗಿದ್ದರೆ ಅದು ಜಿಂಕೆ ಪಾರ್ಕು

(ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರ ಒಂದು ಕೂಟದಲ್ಲಿ ಆಡಿದ ಮಾತು ಇದು. ಅಲ್ಲಿ ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿ ಇಲ್ಲ. ಅದಕ್ಕಾಗಿ ಕೆಲವು ಕಡೆ ನಾಲ್ಕು ಮಾತು ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ದೇಶದ ಹಳ್ಳಿಗಾಡಿನಲ್ಲಿ ಹಳೆಯ ಮಣ್ಣಿನ ಒಡ್ಡುಗಳಿಗೆ ಲೆಕ್ಕವೇ ಇಲ್ಲ. ಕೆಲವು ಕೋಟೆಯವು, ಕೆಲವು ಊರಿನ ಗಡಿಯವು, ಇನ್ನು ಕೆಲವು ಬರೀ ಹೊಲದ ಬದುಗಳು. ಅವುಗಳ ನಡುವೆ ಮಧ್ಯಯುಗದ ಜಿಂಕೆ ಪಾರ್ಕಿನ, ಅಂದರೆ ದೊರೆಗಳು ಜಿಂಕೆ ಸಾಕಲು ಬೇಲಿ ಹಾಕಿಸಿದ ಜಾಗದ, ಒಡ್ಡನ್ನು ಗುರುತಿಸುವುದು ಹೇಗೆ? ಮೊದಲು ಕಂದಕ ಯಾವ ಕಡೆಗಿದೆ ನೋಡಿ. ಕೋಟೆಯಾದರೆ ಕಂದಕ ಹೊರಗೆ, ಒಡ್ಡು ಒಳಗೆ. ಬರುವವರನ್ನು ತಡೆಯಬೇಕಲ್ಲ! ಜಿಂಕೆ ಪಾರ್ಕಿನಲ್ಲಿ ಇದು ತಿರುವುಮುರುವು. ಕಂದಕ ಒಳಗೆ, ಒಡ್ಡು ಹೊರಗೆ, ಒಡ್ಡಿನ ನೆತ್ತಿಯ ಮೇಲೆ ಮರದ ಬೇಲಿ. ಒಳಗಿರುವ ಪ್ರಾಣಿ ಹಾರಬೇಕೆಂದರೆ ಕಂದಕಕ್ಕೆ ಇಳಿದೇ ಹಾರಬೇಕು. ಆಗ ಆಳೆತ್ತರದ ಬೇಲಿ ಎರಡಾಳೆತ್ತರವಾಗಿ ನಿಲ್ಲುತ್ತದೆ. ಕೊಡಗಿನ ಕಾಡಂಚಿನಲ್ಲಿ ಆನೆ ಕಂದಕ ನೋಡಿದವರಿಗೆ ಇದರ ಲೆಕ್ಕಾಚಾರ ತಕ್ಷಣ ಅರ್ಥವಾಗುತ್ತದೆ.

ಇವನ್ನು ‘ಬೇಟೆಯ ಆವರಣ’ ಎನ್ನುವುದು ವಾಡಿಕೆ. ತಪ್ಪೇನಲ್ಲ. ಆದರೆ ನೆಲದಲ್ಲಿ ಉಳಿದಿರುವುದನ್ನು ನೋಡುತ್ತಾ ಹೋದರೆ ಬೇಟೆಗಿಂತ ಬೇಲಿಯೇ ದೊಡ್ಡದಾಗಿ ಕಾಣುತ್ತದೆ. ಯಾರು ಒಳಗೆ, ಯಾರು ಹೊರಗೆ, ಮಾಂಸ ಯಾರ ತಟ್ಟೆಗೆ. ಈ ಮೂರು ಪ್ರಶ್ನೆಗಳ ಸುತ್ತಲೇ ಇವತ್ತಿನ ಮಾತು.

ಮೊದಲು ಜಿಂಕೆಯಿಂದಲೇ ಶುರು ಮಾಡೋಣ. ರಿಚ್ಮಂಡ್ ಪಾರ್ಕಿನಲ್ಲೋ ಬ್ರಾಡ್ಗೇಟ್ ಪಾರ್ಕಿನಲ್ಲೋ ಮೈತುಂಬ ಬಿಳಿ ಚುಕ್ಕೆ ಇರುವ ಜಿಂಕೆ ಕಂಡು ‘ಅರೆ, ನಮ್ಮ ಚುಕ್ಕೆ ಜಿಂಕೆ ಇಲ್ಲೂ ಇದೆ’ ಎಂದು ನಮ್ಮವರು ಖುಷಿಪಡುವುದುಂಟು. ಅದು ನಮ್ಮದಲ್ಲ, ಫ್ಯಾಲೋ ಜಿಂಕೆ. ಗಂಡಿನ ಕೊಂಬು ನೋಡಿದರೆ ಗೊತ್ತಾಗುತ್ತದೆ, ತುದಿಯಲ್ಲಿ ಅಂಗೈಯಷ್ಟು ಅಗಲವಾಗಿ ಚಪ್ಪಟೆಯಾಗಿರುತ್ತದೆ. ತಮಾಷೆ ಎಂದರೆ ಅದು ಈ ದೇಶದ್ದೂ ಅಲ್ಲ. ಕೆಂಪು ಜಿಂಕೆ, ಪುಟ್ಟ ರೋ ಜಿಂಕೆ ಇಲ್ಲಿಯವು. ಫ್ಯಾಲೋವನ್ನು ಮೊದಲು ತಂದವರು ರೋಮನ್ನರು. ಸಸೆಕ್ಸಿನ ಫಿಶ್‌ಬೋರ್ನ್‌ನಲ್ಲಿ ರೋಮನ್ ಕಾಲದ ದೊಡ್ಡ ಅರಮನೆ ಸಿಕ್ಕಿದೆ. ಅಲ್ಲಿ ಸಿಕ್ಕ ಫ್ಯಾಲೋ ದವಡೆಗಳ ಹಲ್ಲನ್ನು ರಾಸಾಯನಿಕವಾಗಿ ಪರೀಕ್ಷಿಸಿದಾಗ ಒಂದು ಪ್ರಾಣಿ ಹೊರಗಿನಿಂದ ಬಂದದ್ದು, ಇನ್ನೊಂದು ಅಲ್ಲೇ ಹುಟ್ಟಿ ಬೆಳೆದದ್ದು ಎಂದು ಗೊತ್ತಾಯಿತು. ಅಂದರೆ ಸಾಕುತ್ತಿದ್ದರು. ರೋಮನ್ನರು ಹೋದ ಮೇಲೆ ಆ ಸಂತತಿ ಅಳಿಯಿತು. ಮತ್ತೆ ಇಲ್ಲಿ ಫ್ಯಾಲೋ ಕಾಲಿಟ್ಟದ್ದು ಸುಮಾರು ಸಾವಿರ ವರ್ಷದ ಹಿಂದೆ, 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದು ಈ ದೇಶ ಗೆದ್ದ ನಾರ್ಮನ್ನರ ಕಾಲದಲ್ಲಿ.

ಆ ಜಿಂಕೆಯೇ ಯಾಕೆ ಬೇಕಾಯಿತು? ಕೆಂಪು ಜಿಂಕೆಗೆ ವಿಶಾಲ ಜಾಗ ಬೇಕು. ರೋ ಜಿಂಕೆ ಒಂಟಿ ಸ್ವಭಾವದ್ದು, ಬೇಲಿಯೊಳಗೆ ಹಿಂಡಾಗಿ ಬಾಳುವುದಿಲ್ಲ. ಫ್ಯಾಲೋ ಹಿಂಡಿನಲ್ಲಿ ಇರುತ್ತದೆ, ಕಡಿಮೆ ಜಾಗದಲ್ಲಿ, ಸಾಧಾರಣ ಹುಲ್ಲಿನಲ್ಲೂ ಚೆನ್ನಾಗಿ ಮೈ ತುಂಬಿಕೊಳ್ಳುತ್ತದೆ. ಪಾರ್ಕಿಗೆ ಹೇಳಿ ಮಾಡಿಸಿದ ಪ್ರಾಣಿ.

ಹಾಗೆಂದು ಆವರಣ ಕಟ್ಟುವ ಪದ್ಧತಿ ಪೂರ್ತಿ ನಾರ್ಮನ್ನರದ್ದಲ್ಲ. ಎಸೆಕ್ಸಿನ ಆಂಗರ್‌ನಲ್ಲಿ ಜಿಂಕೆಗೆ ಬೇಲಿ ಹಾಕಿದ ಜಾಗ ಇತ್ತೆಂದು 1045ರ ಹೊತ್ತಿನ ಒಂದು ಮರಣಶಾಸನದಲ್ಲೇ ಇದೆ. ನಾರ್ಮನ್ನರು ಕಾಲಿಡುವುದಕ್ಕೆ 20 ವರ್ಷ ಮೊದಲು! ಆಂಗರ್ ಮಹಾ ಪಾರ್ಕಿನ ಗುರುತು ಇಪ್ಪತ್ತನೇ ಶತಮಾನದವರೆಗೂ ಹೊಲಗಳ ಗಡಿಯಲ್ಲಿ ಕಾಣುತ್ತಿತ್ತು. ಮೂಲೆಗಳು ದುಂಡಗಿರುವ ಉದ್ದನೆ ಆಯತ ಅದು. ನಾರ್ಮನ್ನರು ಬಂದ ಮೇಲೆ ಆದದ್ದು ಏನೆಂದರೆ, ಎಲ್ಲೋ ಅಲ್ಲೊಂದು ಇಲ್ಲೊಂದು ಇದ್ದದ್ದು ಎಲ್ಲ ದೊರೆಗಳಿಗೂ ಬೇಕಾಯಿತು. 1086ರ ಡೂಮ್ಸ್‌ಡೇ ಲೆಕ್ಕದ ಪುಸ್ತಕದಲ್ಲಿ ಪಾರ್ಕುಗಳು ಮೂವತ್ತು ಚಿಲ್ಲರೆ ಮಾತ್ರ. 1300ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸುಮಾರು 3,200 ಪಾರ್ಕುಗಳಿದ್ದವು ಎಂದು ಆಲಿವರ್ ರ‍್ಯಾಕಮ್ ಅಂದಾಜು ಮಾಡಿದ್ದರು. ಹಳೆಯ ಕಾಡು, ಮರ, ಬೇಲಿಗಳ ಚರಿತ್ರೆಯಲ್ಲಿ ಅವರ ಮಾತಿಗೆ ತೂಕ ಹೆಚ್ಚು. ದೊರೆಗಳು, ಬಿಷಪ್‌ಗಳು, ಮಠಗಳು, ಕೊನೆಗೆ ಸ್ವಲ್ಪ ಕಾಸು ಕೂಡಿಸಿದ ಸಣ್ಣ ಜಹಗೀರುದಾರರು, ಎಲ್ಲರೂ ಪಾರ್ಕು ಮಾಡಿಕೊಂಡರು.

ಪಾರ್ಕು ಬೇರೆ, ರಾಜರ ‘ಫಾರೆಸ್ಟ್’ ಬೇರೆ. ಇವೆರಡನ್ನೂ ಬೆರೆಸಬೇಡಿ. ಫಾರೆಸ್ಟ್ ಎಂದರೆ ರಾಜನ ಬೇಟೆಯ ಕಾನೂನು ನಡೆಯುವ ಸೀಮೆ. ಅದಕ್ಕೆ ಬೇಲಿ ಇರಲಿಲ್ಲ, ಒಳಗೆ ಊರು, ಹೊಲ ಎಲ್ಲ ಇರುತ್ತಿದ್ದವು. ಪಾರ್ಕು ಎಂದರೆ ಬೇಲಿ ಹಾಕಿದ ಖಾಸಗಿ ಜಾಗ. ಬೇಲಿ ಇಲ್ಲದೆ ಪಾರ್ಕು ಇಲ್ಲ.

ಈಗ ಆ ಬೇಲಿಗೆ ಬರೋಣ. ನನಗೆ ಇದರಲ್ಲಿ ತುಂಬಾ ಇಷ್ಟವಾದ ಭಾಗ ಇದು. ಓಕ್ ಮರದ ದಿಮ್ಮಿಯನ್ನು ಗರಗಸದಿಂದ ಕೊಯ್ಯದೆ, ನಾರಿನ ಗುಂಟ ಸೀಳಿ ಹಲಗೆ ಮಾಡುತ್ತಿದ್ದರು. ಹಾಗೆ ಸೀಳಿದ ಹಲಗೆಯಲ್ಲಿ ಮಳೆ ನೀರು ಜಾರಿ ಹೋಗುತ್ತದೆ, ಬೇಗ ಕೊಳೆಯುವುದಿಲ್ಲ. ಇಂಥ ಸಾವಿರಾರು ಹಲಗೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಅಡ್ಡಪಟ್ಟಿಗೆ ಬಡಿಯಬೇಕು. ಖರ್ಚು ಕೇಳಬೇಡಿ! ಪಾರ್ಕಿನ ಆಕಾರ ದುಂಡಗೋ ದುಂಡು ಮೂಲೆಯ ಆಯತವೋ ಆಗಿರುವುದಕ್ಕೂ ಈ ಖರ್ಚೇ ಕಾರಣ. ನೀವೇ ಲೆಕ್ಕ ಹಾಕಿ ನೋಡಿ. 200 ಎಕರೆ ಜಾಗ ಪೂರ್ತಿ ದುಂಡಗಿದ್ದರೆ ಸುತ್ತಳತೆ ಸುಮಾರು 3.2 ಕಿಲೋಮೀಟರ್. ಚೌಕವಾದರೆ 3.6. ಅಗಲದ ನಾಲ್ಕರಷ್ಟು ಉದ್ದದ ಪಟ್ಟಿಯಾದರೆ 4.5. ಜಾಗ ಅಷ್ಟೇ, ಬೇಲಿ ಒಂದೂಕಾಲು ಕಿಲೋಮೀಟರಿಗಿಂತ ಜಾಸ್ತಿ! ಹೊಲಗಳ ಚೌಕುಳಿ ನಕ್ಷೆಯಲ್ಲಿ ಇದ್ದಕ್ಕಿದ್ದ ಹಾಗೆ ಒಂದು ದೊಡ್ಡ ಬಾಗಿದ ಗೆರೆ ಕಂಡರೆ, ಪಕ್ಕದಲ್ಲಿ ‘ಪಾರ್ಕ್ ಫಾರ್ಮ್’, ‘ಲಾಡ್ಜ್ ಫಾರ್ಮ್’, ‘ಪಾರ್ಕ್ ಗೇಟ್’ ಅಂಥ ಹೆಸರಿದ್ದರೆ, ಅಲ್ಲಿ ಇಳಿದು ನೋಡುವುದು ಒಳ್ಳೆಯದು.

ಹಲಗೆ ಇವತ್ತು ಉಳಿದಿಲ್ಲ. ಉಳಿದದ್ದು ಒಡ್ಡು ಮತ್ತು ಕಂದಕ. ಬೇಲಿಯ ಹೊರಗೂ ಒಂದು ಪಟ್ಟಿ ಜಾಗ ಪಾರ್ಕಿನ ಒಡೆಯನದ್ದೇ. ಅನೇಕ ಕಡೆ ಅದು ಒಂದು ಕೋಲು, ಅಂದರೆ 16.5 ಅಡಿ. ಬೇಲಿ ರಿಪೇರಿಗೆ ನಡೆದಾಡಲು ಬೇಕಾಗಿತ್ತು. ರಿಪೇರಿ ಮಾಡುವವರು ಯಾರು? ಬಹಳ ಕಡೆ ಆ ಸೀಮೆಯ ಒಕ್ಕಲುಗಳೇ. ಇಷ್ಟು ಉದ್ದ ನಿನ್ನದು, ಇಷ್ಟು ಅವನದು ಎಂದು ಪಾಲು ಹಾಕಿಕೊಟ್ಟಿರುತ್ತಿದ್ದರು. ಒಳಗಿನ ಮಾಂಸದಲ್ಲಿ ಅವರಿಗೆ ಪಾಲಿಲ್ಲ, ಬೇಲಿಯಲ್ಲಿ ಮಾತ್ರ ಪಾಲು.

ಇದರಲ್ಲಿ ಒಂದು ಕಿತಾಪತಿಯೂ ಇತ್ತು. ಅದಕ್ಕೆ ‘ಡಿಯರ್ ಲೀಪ್’ ಎನ್ನುತ್ತಾರೆ, ಜಿಂಕೆ ಹಾರುವ ಜಾಗ. ಬೇಲಿಯ ಒಂದು ಕಡೆ ಎತ್ತರ ತಗ್ಗಿಸಿ, ಹೊರಗಿನಿಂದ ಮಣ್ಣು ಏರಿಸಿ ಇಳಿಜಾರು ಮಾಡುತ್ತಾರೆ. ಒಳಗಡೆ ಆಳದ ಕಂದಕ. ಹೊರಗಿನ ಜಿಂಕೆ ಸಲೀಸಾಗಿ ಏರಿ ಒಳಗೆ ಹಾರುತ್ತದೆ. ವಾಪಸ್ ಹೋಗುತ್ತೇನೆಂದರೆ ಆಗದು. ಪಾರ್ಕು ರಾಜನ ಫಾರೆಸ್ಟಿನ ಪಕ್ಕದಲ್ಲಿದ್ದರೆ ಏನಾಗುತ್ತದೆ ಹೇಳಿ? ರಾಜನ ಜಿಂಕೆ ಪುಕ್ಕಟೆಯಾಗಿ ನಿಮ್ಮದಾಗುತ್ತದೆ. ಅದಕ್ಕೇ ಇದಕ್ಕೆ ರಾಜನ ಅಪ್ಪಣೆ ಬೇಕಿತ್ತು. ಅಪ್ಪಣೆ ಇಲ್ಲದೆ ಕಟ್ಟಿದವರ ಮೇಲೆ ಹದಿಮೂರನೇ ಶತಮಾನದಲ್ಲಿ ವಿಚಾರಣೆಗಳು ನಡೆದಿವೆ.

ಸಭೆಯಲ್ಲಿ ಒಬ್ಬರು ‘ಇಷ್ಟು ಸಣ್ಣ ಜಾಗದಲ್ಲಿ ಬೇಟೆ ಹೇಗೆ ಆಡುತ್ತಿದ್ದರು’ ಎಂದು ಕೇಳಿದರು. ಸರಿಯಾದ ಪ್ರಶ್ನೆ. ನಾಯಿಗಳ ಹಿಂಡು ಬಿಟ್ಟು, ಕುದುರೆ ಮೇಲೆ ಇಡೀ ದಿನ ಒಂದೇ ಗಂಡು ಜಿಂಕೆಯನ್ನು ಬೆನ್ನಟ್ಟುವ ಬೇಟೆಗೆ 200 ಎಕರೆ ಏನೇನೂ ಸಾಲದು. ಪಾರ್ಕಿನಲ್ಲಿ ಹೆಚ್ಚಾಗಿ ನಡೆಯುತ್ತಿದ್ದದ್ದು ಹಿಂಡನ್ನು ಕಾದವರ ಕಡೆ ಅಟ್ಟುವ ಬೇಟೆ. ಆಳುಗಳು, ನಾಯಿಗಳು ಸೇರಿ ಹಿಂಡನ್ನು ಒಂದು ಕಡೆ ತಳ್ಳಿಕೊಂಡು ಬರುತ್ತಾರೆ, ಅಲ್ಲಿ ಬಿಲ್ಲು ಹಿಡಿದವರು ಕಾದಿರುತ್ತಾರೆ. ಮಿಕ್ಕ ದಿನಗಳಲ್ಲಿ? ಅಡುಗೆ ಮನೆಯಿಂದ ಬೇಡಿಕೆ ಬಂದಾಗ ಸಂಬಳದ ಬೇಟೆಗಾರ ಹೋಗಿ ಹೊಡೆದು ತರುತ್ತಿದ್ದ. ಒಡೆಯ ಅಲ್ಲಿರಬೇಕಾಗಿಯೂ ಇರಲಿಲ್ಲ.

ಬೇಡಿಕೆ ಎಷ್ಟಿತ್ತು ಎನ್ನುವುದಕ್ಕೆ ಒಂದು ಉದಾಹರಣೆ. 1251ರ ಕ್ರಿಸ್‌ಮಸ್ಸಿಗೆ ಮೂರನೇ ಹೆನ್ರಿ ಯಾರ್ಕಿನಲ್ಲಿದ್ದ. ಮಗಳು ಮಾರ್ಗರೆಟ್‌ಗೂ ಸ್ಕಾಟ್ಲೆಂಡಿನ ರಾಜ ಮೂರನೇ ಅಲೆಕ್ಸಾಂಡರ್‌ಗೂ ಮದುವೆ. ಆ ಔತಣಕ್ಕೆ ತರಿಸಲು ಹೇಳಿದ್ದು 430 ಕೆಂಪು ಜಿಂಕೆ, 200 ಫ್ಯಾಲೋ, 200 ರೋ. ಹಂದಿ, ಮೊಲ, ಹಕ್ಕಿಗಳ ಪಟ್ಟಿ ಬೇರೆ. ಇದು ಸಂತೆಯಲ್ಲಿ ಸಿಗುವ ಮಾಂಸವಲ್ಲ. ದುಡ್ಡು ಎಷ್ಟಿದ್ದರೂ ಎದೆ ತಟ್ಟಿಕೊಂಡು ಕೊಳ್ಳುವಂತಿರಲಿಲ್ಲ. ಇನ್ನೊಬ್ಬ ದೊರೆ ಉಡುಗೊರೆ ಕೊಡಬೇಕು, ಇಲ್ಲವೇ ನಿಮ್ಮದೇ ಪಾರ್ಕಿರಬೇಕು. ರಾಜ ಮೆಚ್ಚಿದವರಿಗೆ ಜೀವಂತ ಜಿಂಕೆಗಳನ್ನೇ ಕೊಟ್ಟು, ಹೊಸ ಪಾರ್ಕಿಗೆ ತುಂಬಿಸಿಕೊಳ್ಳಿ ಎನ್ನುತ್ತಿದ್ದ. 1244ರಲ್ಲಿ ಚೆಸ್ಟರ್ ಕಡೆಯಿಂದ 80 ಜಿಂಕೆಗಳು ಹಡಗು ಹತ್ತಿ ಐರ್ಲೆಂಡಿನ ಗ್ಲೆನ್‌ಕ್ರೀ ಎಂಬ ರಾಜರ ಪಾರ್ಕಿಗೆ ಹೋಗಿದ್ದವು. ಆ ಪ್ರಯಾಣದಲ್ಲಿ ಹಡಗಿನವರ ಪಾಡು ಏನಾಗಿತ್ತೋ ಪಾಪ.

ಇಲ್ಲಿಂದ ಮುಂದೆ ಮಾತಾಡುವುದು ಮೂಳೆ. ಒಡ್ಡು, ಕಂದಕ ಯಾರ ಪಾರ್ಕು ಎಲ್ಲಿತ್ತು ಎಂದು ಹೇಳುತ್ತವೆ. ಊಟ ಯಾರು ಮಾಡಿದರು ಎನ್ನುವುದು ಕಸದ ಗುಂಡಿಯಲ್ಲಿದೆ. ಜಿಂಕೆ ಹೊಡೆದ ಮೇಲೆ ಅದನ್ನು ಬಿಡಿಸುವುದಕ್ಕೆ ಒಂದು ಶಾಸ್ತ್ರವೇ ಇತ್ತು. ಬೇಟೆಯ ಹಳೆಯ ಕೈಪಿಡಿಗಳು ಇದನ್ನು ಪೂಜಾವಿಧಿಯಷ್ಟು ಶ್ರದ್ಧೆಯಿಂದ ವಿವರಿಸುತ್ತವೆ. ಚರ್ಮದ ಮೇಲೆ ಕರುಳು, ರಕ್ತ, ರೊಟ್ಟಿ ಬೆರೆಸಿ ನಾಯಿಗಳಿಗೆ. ಒಂದು ಮುಂಗಾಲಿನ ಭಾಗ ಪಾರ್ಕಿನ ಕಾವಲುಗಾರನಿಗೆ. ಇನ್ನೊಂದು ಚೆನ್ನಾಗಿ ಬೇಟೆಯಾಡಿದವನಿಗೋ ಬಿಡಿಸಿದವನಿಗೋ. ಸೊಂಟದ ಕಡೆಯ ಒಂದು ಚೂರು ಕಾಗೆಗೆಂದು ಅಲ್ಲೇ ಬಿಡುವುದು. ಒಳ್ಳೆಯ ಮಾಂಸ ಇರುವ ಹಿಂಗಾಲು ಒಡೆಯನ ಮನೆಗೆ.

ಇದೆಲ್ಲ ಬರೀ ಪುಸ್ತಕದ ಮಾತು, ದೊಡ್ಡವರ ಶೋಕಿ ಎಂದುಕೊಳ್ಳಬಹುದಿತ್ತು. ಆದರೆ ನೇವೋಮಿ ಸೈಕ್ಸ್ ಎಂಬ ಪ್ರಾಣಿ ಮೂಳೆಗಳ ತಜ್ಞೆ ಅನೇಕ ಉತ್ಖನನಗಳ ಮೂಳೆ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರು. ಕೋಟೆ, ಅರಮನೆಗಳಲ್ಲಿ ಹಿಂಗಾಲಿನ ಮೂಳೆಯೇ ಜಾಸ್ತಿ. ಮುಂಗಾಲು ಬಹಳ ಕಡಿಮೆ. ಸೊಂಟದ ಮೂಳೆಯೂ ಕಡಿಮೆ. ಕಾವಲುಗಾರರು ಇದ್ದ ಮನೆಗಳಲ್ಲಿ ಮುಂಗಾಲಿನ ಮೂಳೆ ಎದ್ದು ಕಾಣುತ್ತದೆ. ಕೈಪಿಡಿ ಹೇಳಿದ್ದನ್ನು ಜನ ನಿಜವಾಗಿ ಮಾಡುತ್ತಿದ್ದರು! ಇನ್ನೂ ಮಜಾ ಎಂದರೆ ಪಟ್ಟಣಗಳದ್ದು. ಅಲ್ಲಿ ಜಿಂಕೆಯ ಮೂಳೆ ಸಿಗುವುದೇ ಅಪರೂಪ, ಆದರೆ ಸಿಕ್ಕಾಗ ಎಲ್ಲ ಭಾಗದ್ದೂ ಸಿಗುತ್ತದೆ. ಶಾಸ್ತ್ರ ಪಾಲಿಸದೆ ಇಡೀ ಪ್ರಾಣಿಯೇ ಬಂದಿದೆ ಎಂದರೆ ಅದು ಕದ್ದದ್ದು ಎನ್ನುವುದು ಅವರ ವಾದ. ನನಗೂ ಅದು ಸರಿಯೆನಿಸುತ್ತದೆ. ಗೋಣಿಯಲ್ಲಿ ತುಂಬಿಕೊಂಡು ರಾತ್ರಿ ಓಡುವವನಿಗೆ ಕಾಗೆಗೆ ಪಾಲು ತೆಗೆದಿಡುವ ವ್ಯವಧಾನ ಎಲ್ಲಿಂದ ಬರಬೇಕು?

ಕಳ್ಳ ಬೇಟೆ ಬಡತನದ ಕಥೆ ಮಾತ್ರವೂ ಅಲ್ಲ. ಪಾದ್ರಿಗಳು, ಅಕ್ಕಪಕ್ಕದ ಜಮೀನ್ದಾರರು ಎಲ್ಲ ಸಿಕ್ಕಿಬಿದ್ದಿದ್ದಾರೆ. 1275ರ ವೆಸ್ಟ್‌ಮಿನ್‌ಸ್ಟರ್ ಕಾನೂನಿನಲ್ಲಿ ಪಾರ್ಕಿಗೆ ನುಗ್ಗಿದವರಿಗೆ 3 ವರ್ಷ ಸೆರೆ. 1390ರ ಇನ್ನೊಂದು ಕಾನೂನು ವರ್ಷಕ್ಕೆ 40 ಶಿಲ್ಲಿಂಗ್ ಹುಟ್ಟುವ ಜಮೀನು ಇಲ್ಲದವನು ಬೇಟೆನಾಯಿಯನ್ನೇ ಸಾಕಬಾರದು ಎಂದಿತು. ಅದಕ್ಕೆ 9 ವರ್ಷ ಮೊದಲು, 1381ರ ರೈತ ದಂಗೆಯಲ್ಲಿ, ದಂಗೆಯ ಮುಖಂಡ ವಾಟ್ ಟೈಲರ್ ರಾಜನ ಮುಂದಿಟ್ಟ ಬೇಡಿಕೆಗಳಲ್ಲಿ ಪಾರ್ಕು, ಕಾಡು, ನೀರು ಎಲ್ಲರಿಗೂ ಸೇರಬೇಕು ಎನ್ನುವುದೂ ಇತ್ತೆಂದು ಆ ಕಾಲದ ಒಬ್ಬ ಚರಿತ್ರಕಾರ ಬರೆದಿದ್ದಾನೆ. ಬೇಲಿ ಎಷ್ಟು ಕಣ್ಣು ಚುಚ್ಚುತ್ತಿತ್ತು ನೋಡಿ. 1272ರಲ್ಲಿ ರಾಕಿಂಗಮ್ ಫಾರೆಸ್ಟಿನಲ್ಲಿ ನಡೆದದ್ದು ಇನ್ನೂ ಖಾರವಾಗಿದೆ. ಕಳ್ಳ ಬೇಟೆಯವರು ಒಂದು ಗಂಡು ಜಿಂಕೆಯ ತಲೆ ಕಡಿದು, ಬಯಲಿನ ನಡುವೆ ಕೋಲಿಗೆ ಚುಚ್ಚಿ, ಬಾಯಲ್ಲಿ ನೂಲುವ ಕದಿರು ಇಟ್ಟು, ಸೂರ್ಯನ ಕಡೆ ಬಾಯಿ ತೆರೆಸಿ ನಿಲ್ಲಿಸಿ ಹೋದರು. ರಾಜನಿಗೂ ಅವನ ಕಾವಲುಗಾರರಿಗೂ ಮಾಡಿದ ಅವಮಾನ ಎಂದು ವಿಚಾರಣೆಯ ದಾಖಲೆ ಸಿಟ್ಟಿನಿಂದ ಬರೆದುಕೊಂಡಿದೆ. ಅದು ಊಟಕ್ಕಾಗಿ ಮಾಡಿದ ಕೆಲಸವಂತೂ ಅಲ್ಲ, ಅಲ್ವಾ?

ಕಟ್ಟಡಗಳ ಬಗ್ಗೆ ಸ್ವಲ್ಪ ಹೇಳಬೇಕು. ಅತಿ ದೊಡ್ಡ ಪಾರ್ಕು ಸಾಲ್ಸ್‌ಬರಿ ಪಕ್ಕದ ಕ್ಲಾರೆಂಡನ್, 4,000 ಎಕರೆಗೂ ಮೇಲೆ. ಅದರ ಒಡ್ಡು ಇವತ್ತಿಗೂ ಉದ್ದಕ್ಕೆ ನಡೆದು ನೋಡುವಷ್ಟು ಉಳಿದಿದೆ. ಒಳಗೆ ಬೇಟೆಮನೆಯಾಗಿ ಶುರುವಾಗಿ ಅರಮನೆಯಾಗಿ ಬೆಳೆದ ಕಟ್ಟಡ. 1164ರಲ್ಲಿ ಎರಡನೇ ಹೆನ್ರಿ ಚರ್ಚಿನ ಅಧಿಕಾರಕ್ಕೆ ಕಡಿವಾಣ ಹಾಕುವ ನಿಯಮಗಳನ್ನು ಹೊರಡಿಸಿದ್ದು ಇಲ್ಲೇ. 1930ರ ದಶಕದಲ್ಲಿ ಇಲ್ಲಿ ಅಗೆದಾಗ ನೆಲಹಾಸಿನ ಹೆಂಚುಗಳು, ಅವುಗಳನ್ನು ಸುಟ್ಟ ಗೂಡು ಎಲ್ಲ ಸಿಕ್ಕವು. ಆ ಗೂಡು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಮುಂದಿನ ಸಲ ಹೋದಾಗ ಈಜಿಪ್ಟಿನ ಮಮ್ಮಿಗಳಿಂದ ಐದು ನಿಮಿಷ ಬಿಡುವು ಮಾಡಿಕೊಂಡು ನೋಡಿ. ವುಡ್‌ಸ್ಟಾಕ್‌ನಲ್ಲಿ ಒಂದನೇ ಹೆನ್ರಿ ಪಾರ್ಕಿಗೆ ಕಲ್ಲಿನ ಗೋಡೆಯನ್ನೇ ಕಟ್ಟಿಸಿ, ಸಿಂಹ, ಚಿರತೆ, ಒಂಟೆ, ಜೊತೆಗೆ ಒಂದು ಮುಳ್ಳುಹಂದಿಯನ್ನೂ ಸಾಕಿದ್ದ. ಆ ಜಾಗದಲ್ಲಿ ಈಗ ಬ್ಲೆನ್‌ಹೈಮ್ ಅರಮನೆ ಇದೆ. ವಿಲ್ಟ್‌ಶೈರಿನ ಲಡ್ಗರ್ಶಲ್ ಕೋಟೆಗೆ ಹೋದರೆ ಉತ್ತರದ ಆವರಣ ಪಾರ್ಕಿನ ಕಡೆಗೇ ತೆರೆದುಕೊಂಡಿದೆ. ಇಂಥ ಕಡೆ ಜಿಂಕೆಗಳು ಮೇಯುವುದನ್ನು ನೋಡುವುದೂ ಒಂದು ಭೋಗವಾಗಿತ್ತು.

ಇವೆಲ್ಲ ಕಲ್ಲಿನವು, ಉಳಿದವು. ಉಳಿಯದೆ ಹೋದದ್ದೇ ಜಾಸ್ತಿ. ಡರಮ್ ಬಿಷಪ್ಪನ ಜಮೀನಿನ ಲೆಕ್ಕ ಬರೆದ 1183ರ ಬೋಲ್ಡನ್ ಪುಸ್ತಕದಲ್ಲಿ ಆಕ್ಲಂಡ್ ಸೀಮೆಯ ಒಕ್ಕಲುಗಳ ಒಂದು ಬಿಟ್ಟಿ ಕೆಲಸ ಇದೆ. ಬಿಷಪ್ಪನ ಮಹಾ ಬೇಟೆಗೆ ಅವರು ಕಾಡಿನಲ್ಲಿ 60 ಅಡಿ ಉದ್ದ, 16 ಅಡಿ ಅಗಲದ ಒಂದು ಹಜಾರ ಕಟ್ಟಿಕೊಡಬೇಕು. ಜೊತೆಗೆ ಉಗ್ರಾಣ, ಮಲಗುವ ಕೋಣೆ, ಪಾಯಖಾನೆ. ಮತ್ತೆ 40 ಅಡಿ ಉದ್ದದ ಪ್ರಾರ್ಥನಾ ಮಂದಿರ ಬೇರೆ! ಬೇಟೆಗೆಂದು ಕಟ್ಟಿದ ಈ ಮರದ ಊರಿನಲ್ಲಿ ಇವತ್ತು ಏನಾದರೂ ಸಿಕ್ಕರೆ ಸಿಗುವುದು ಕಂಬ ನೆಟ್ಟ ಗುಳಿಗಳ ಕಪ್ಪು ಮಣ್ಣು. ಅದೂ ಅದೃಷ್ಟ ಇದ್ದರೆ.

ಮರಗಳೂ ಅವಶೇಷವೇ. ಚಿಗುರನ್ನು ಜಿಂಕೆ ತಿಂದು ಮುಗಿಸುತ್ತದೆ. ಅದಕ್ಕೆ ಓಕ್ ಮರಗಳನ್ನು ಬುಡಕ್ಕೆ ಕಡಿಯದೆ, ಅದರ ಬಾಯಿಗೆ ಎಟುಕದ ಎತ್ತರದಲ್ಲಿ ತಲೆ ಕಡಿದು ಚಿಗುರಿಸುತ್ತಿದ್ದರು. ಹಾಗೆ ಪದೇಪದೇ ಕಡಿಸಿಕೊಂಡ ಮರ ಗಿಡ್ಡಗೆ, ದಪ್ಪಗೆ, ಗಂಟುಗಂಟಾಗಿ, ಟೊಳ್ಳಾಗಿ ನೂರಾರು ವರ್ಷ ಬಾಳುತ್ತದೆ. ಸಫೋಕ್‌ನ ಸ್ಟೇವರ್ಟನ್ ಪಾರ್ಕಿನಲ್ಲಿ ಇಂಥ ಓಕ್‌ಗಳು ಸಾವಿರಗಟ್ಟಲೆ ಇವೆ. ಹೆರಫರ್ಡ್‌ಶೈರಿನ ಮೊಕಸ್ ಪಾರ್ಕಿನ ಹಳೆಯ ಓಕ್‌ಗಳಲ್ಲಿ ಒಂದು ಪುಟ್ಟ ಜೀರುಂಡೆ ಇದೆ. ಬ್ರಿಟನ್ನಿನಲ್ಲಿ ಅದು ಕಂಡದ್ದು ಅಲ್ಲೊಂದೇ ಕಡೆ, ಹೆಸರೇ ಮೊಕಸ್ ಜೀರುಂಡೆ. ದೊರೆಗಳ ಬೇಲಿಯಿಂದ ಲಾಭ ಆದದ್ದು ಅದಕ್ಕೆ.

ಹಾಗಾದರೆ ಇಷ್ಟೊಂದು ಪಾರ್ಕುಗಳು ಎಲ್ಲಿ ಹೋದವು? 1348-49ರ ಮಹಾ ಪ್ಲೇಗಿನಲ್ಲಿ ಇಂಗ್ಲೆಂಡಿನ ಜನಸಂಖ್ಯೆಯ ಮೂರನೇ ಒಂದು ಭಾಗವೋ ಅರ್ಧವೋ ಹೋಯಿತು. ಕೂಲಿ ಏರಿತು. ಬಿಟ್ಟಿ ದುಡಿಯುವ ಒಕ್ಕಲುಗಳು ಸಿಗದಾದರು. ಮೊದಲೇ ದುಬಾರಿಯಾದ ಬೇಲಿ ಈಗ ಕೈಗೆ ಎಟುಕದಾಯಿತು. ಬೇಲಿ ಬಿದ್ದರೆ ಜಿಂಕೆ ಹೋಯಿತು, ಪಾರ್ಕೂ ಹೋಯಿತು. ಕೆಲವನ್ನು ಮೇವಿಗೆ ಗುತ್ತಿಗೆ ಕೊಟ್ಟರು, ಕೆಲವನ್ನು ಉತ್ತರು. ಉಳಿದವು ಹದಿನೇಳನೇ ಶತಮಾನದ ಅಂತರ್ಯುದ್ಧದಲ್ಲಿ ಸಾಕಷ್ಟು ಪೆಟ್ಟು ತಿಂದವು, ಸೈನಿಕರಿಗೆ ಹಸಿವು ಇತ್ತು. ಅದನ್ನೂ ದಾಟಿ ಬಂದ ಕೆಲವು ಬಂಗಲೆಗಳ ಸುತ್ತಲಿನ ತೋಟವಾಗಿ ಮಾರ್ಪಟ್ಟವು.

ಕೊನೆಯಲ್ಲಿ ಬಂದ ಪ್ರಶ್ನೆ: ನಾವೇ ಹೋಗಿ ನೋಡಬೇಕೆಂದರೆ ಎಲ್ಲಿಂದ ಶುರು? ಲೆಸ್ಟರ್ ಕಡೆಯವರಿಗೆ ಬ್ರಾಡ್ಗೇಟ್ ಪಾರ್ಕು ಸುಲಭ. ಅದರ ಹೆಸರು ದಾಖಲೆಯಲ್ಲಿ ಬರುವುದು 1241ರಿಂದ. 2015ರಿಂದ 2019ರವರೆಗೆ ಲೆಸ್ಟರ್ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅಲ್ಲಿ ಅಗೆದಿದ್ದಾರೆ. ಜಿಂಕೆಗಳೂ ಇವೆ. ಅಕ್ಟೋಬರಿನಲ್ಲಿ ಗಂಡುಗಳು ಹೆಣ್ಣಿಗಾಗಿ ಕಾದಾಡುವ ಹೊತ್ತು, ಮಕ್ಕಳನ್ನು ದೂರವೇ ನಿಲ್ಲಿಸಿಕೊಳ್ಳಿ. ನಿಮ್ಮದೇ ಊರಿನ ಪಕ್ಕ ಹುಡುಕುವುದಾದರೆ ಮನೆಯಲ್ಲಿ ಕೂತೇ ಶುರು ಮಾಡಬಹುದು. ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುತಗ್ಗು ಅಳೆದ ಲೈಡಾರ್ ನಕ್ಷೆಗಳನ್ನು ಇಲ್ಲಿನ ಸರ್ಕಾರ ಪುಕ್ಕಟೆಯಾಗಿ ಕೊಡುತ್ತದೆ. ಮರಗಳ ಕೆಳಗೆ ಅಡಗಿದ ಒಡ್ಡುಗಳೂ ಅದರಲ್ಲಿ ಕಾಣುತ್ತವೆ. ಬಾಗಿದ ಗೆರೆ ಸಿಕ್ಕರೆ ಹೋಗಿ ಕಂದಕ ಯಾವ ಕಡೆ ಎಂದು ನೋಡಿ. ಒಡ್ಡಿನ ವಯಸ್ಸು ನೋಡಿದ ಮಾತ್ರಕ್ಕೆ ಗೊತ್ತಾಗುವುದಿಲ್ಲ, ಅಗೆದರೂ ಮಡಕೆ ಚೂರು, ನಾಣ್ಯ ಸಿಗುವುದು ಕಡಿಮೆ. ಹೆಚ್ಚಿನ ಕಡೆ ಕಾಲ ಹೇಳುವುದು ಹಳೆಯ ದಾಖಲೆಗಳೇ, ಅವು ಜಿಲ್ಲಾ ದಾಖಲೆ ಕಚೇರಿಯಲ್ಲಿ ಇರುತ್ತವೆ. ಮೆಟಲ್ ಡಿಟೆಕ್ಟರ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ. ಅನೇಕ ಪಾರ್ಕುಗಳ ಒಡ್ಡುಗಳು ಸಂರಕ್ಷಿತ ಸ್ಮಾರಕಗಳು. 1979ರ ಕಾನೂನಿನ ಪ್ರಕಾರ ಅನುಮತಿ ಇಲ್ಲದೆ ಅಲ್ಲಿ ಅದನ್ನು ಬಳಸುವುದು ಅಪರಾಧ.